ಮರದ ಯುದ್ಧಹಡಗಿಗೆ ಬಣ್ಣ: ನೆಲ್ಸನ್ನನ ‘ವಿಕ್ಟರಿ’ ಮಾದರಿ ಮಾಡುವವರಿಗೊಂದು ಮಾರ್ಗದರ್ಶಿ

ಮರದ ಹಾಯಿಹಡಗಿನ ಮಾದರಿ ಕಟ್ಟುವವರು ತಿಂಗಳುಗಟ್ಟಲೆ ಕೂತು ಒಂದೊಂದೇ ಹಲಗೆ ಅಂಟಿಸುತ್ತಾರೆ. ಬಣ್ಣದ ಸರದಿ ಬಂದಾಗ ಮಾತ್ರ ಡಬ್ಬದ ಮೇಲಿನ ಚಿತ್ರ ನೋಡಿಕೊಂಡು ಒಂದು ಭಾನುವಾರದಲ್ಲಿ ಮುಗಿಸಿಬಿಡುತ್ತಾರೆ. ಹೊಳೆಯುವ ಹಳದಿ, ಹೊಳೆಯುವ ಕಪ್ಪು, ಮೇಲೊಂದು ಕೋಟ್ ವಾರ್ನಿಶ್. ಅಷ್ಟು ದಿನದ ಕೆಲಸವೆಲ್ಲ ಆಟಿಕೆ ಅಂಗಡಿಯ ಸಾಮಾನಿನ ಹಾಗೆ ಕಾಣತೊಡಗುತ್ತದೆ.

ಹಳೆಯ ನೌಕಾಪಡೆಗಳು ಬಣ್ಣ ಹೊಡೆಸುವಾಗ ಮುಖ್ಯವಾಗಿ ಮೂರು ಲೆಕ್ಕ ಹಾಕುತ್ತಿದ್ದವು. ಮರ ಕೊಳೆಯಬಾರದು. ಹುಳ ಹೊಕ್ಕಬಾರದು. ದುಡ್ಡು ಜಾಸ್ತಿ ಹೋಗಬಾರದು. ಚಂದ ಆಮೇಲಿನ ಮಾತು. ಈ ಲೆಕ್ಕ ತಲೆಯಲ್ಲಿದ್ದರೆ ಹಡಗಿನ ಯಾವ ಭಾಗಕ್ಕೆ ಯಾವ ಬಣ್ಣ ಅನ್ನುವುದು ಅರ್ಧಕ್ಕರ್ಧ ತಾನಾಗಿಯೇ ತಿಳಿಯುತ್ತದೆ.

ಉದಾಹರಣೆಗೆ ಬ್ರಿಟಿಷ್ ನೌಕಾಸೇನಾನಿ ನೆಲ್ಸನ್ನನ ಯುದ್ಧಹಡಗು ಎಚ್‌ಎಂಎಸ್ ವಿಕ್ಟರಿಯನ್ನೇ ತೆಗೆದುಕೊಳ್ಳೋಣ. ಇದರ ಕಿಟ್ (ಮಾದರಿಯ ಬಿಡಿಭಾಗಗಳ ಡಬ್ಬ) ಸುಲಭವಾಗಿ ಸಿಗುತ್ತದೆ, ಇದರ ಬಣ್ಣದ ಬಗ್ಗೆ ಆದಷ್ಟು ಸಂಶೋಧನೆ ಬೇರೆ ಹಡಗುಗಳ ಬಗ್ಗೆ ಆದದ್ದು ಕಡಿಮೆ. ಲೆಕ್ಕ ಸುಲಭವಾಗಲಿ ಎಂದು ಮಾದರಿಯ ಅಳತೆ 1:100 ಎಂದು ಇಟ್ಟುಕೊಂಡಿದ್ದೇನೆ. ತೋಪಿನ ಡೆಕ್ಕಿನ (ತೋಪುಗಳು ಸಾಲಾಗಿ ನಿಲ್ಲುವ ಅಂತಸ್ತಿನ) ಉದ್ದ ನಿಜದಲ್ಲಿ 186 ಅಡಿ. ಮಾದರಿಯಲ್ಲಿ ಅದು ಸುಮಾರು 57 ಸೆಂಟಿಮೀಟರ್.

ಮೊದಲು ವರ್ಷ ಹಿಡಿಯಿರಿ

ಬಣ್ಣದ ಟ್ಯೂಬು ಕೊಳ್ಳುವ ಮೊದಲು ಒಂದು ಚೀಟಿಯ ಮೇಲೆ ವರ್ಷ ಬರೆದುಕೊಳ್ಳಿ. ‘ವಿಕ್ಟರಿಯ ಬಣ್ಣ ಯಾವುದು?’ ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ‘1805ರಲ್ಲಿ ವಿಕ್ಟರಿಯ ಬಣ್ಣ ಯಾವುದು?’ ಎಂದರೆ ಇದೆ.

ಈ ಹಡಗು ಚಾಥಮ್‌ನಲ್ಲಿ 1765ರ ಮೇ 7ರಂದು ನೀರಿಗಿಳಿಯಿತು. ಆ ಕಾಲದ ಇಂಗ್ಲಿಷ್ ಹಡಗುಗಳ ಮೈಯ ಬಹುಭಾಗಕ್ಕೆ ಬಣ್ಣವೇ ಇರುತ್ತಿರಲಿಲ್ಲ. ಮರವನ್ನು ಕೆರೆದು, ಪೈನ್ ಮರದ ರಾಳದಿಂದ ಮಾಡಿದ ವಾರ್ನಿಶ್ ಬಳಿಯುತ್ತಿದ್ದರು. ನೀರಿನ ಮಟ್ಟಕ್ಕೆ ಹತ್ತಿರದ ದಪ್ಪ ಹಲಗೆಗಳಿಗೆ ಕಪ್ಪು. ಮೇಲಂಚಿನ ಉದ್ದಕ್ಕೂ ನೀಲಿ ಅಥವಾ ಕಪ್ಪು ಹಿನ್ನೆಲೆಯಲ್ಲಿ ಬಳ್ಳಿ, ಆಯುಧಗಳ ಚಿತ್ರದ ಪಟ್ಟಿ. 1780ರ ಹೊತ್ತಿಗೆ ಮೈಗೆ ಹಳದಿ ಅಥವಾ ಕಪ್ಪು ಬಳಿಯಲು ಅನುಮತಿ ಸಿಕ್ಕಿತು. ಅಲ್ಲಿಂದ ಪಟ್ಟಿಗಳ ಕಾಲ ಶುರು.

1800ರಿಂದ 1803ರವರೆಗೆ ವಿಕ್ಟರಿಗೆ ದೊಡ್ಡ ರಿಪೇರಿ ಆಯಿತು. ಹಿಂಬದಿಯ ತೆರೆದ ಗ್ಯಾಲರಿಗಳನ್ನು ಮುಚ್ಚಿದರು. ಮುಂದಿದ್ದ ಭಾರಿ ಕೆತ್ತನೆ ತೆಗೆದು, ರಾಜಲಾಂಛನವನ್ನು ಹಿಡಿದ ಎರಡು ಮಕ್ಕಳ ಚಿಕ್ಕ ಕೆತ್ತನೆ ಕೂರಿಸಿದರು. 1805ರಲ್ಲಿ ಬ್ರಿಟಿಷರು ಫ್ರಾನ್ಸ್-ಸ್ಪೇನ್ ಹಡಗುಗಳನ್ನು ಎದುರಿಸಿದ ಟ್ರಫಾಲ್ಗರ್ ಕದನಕ್ಕೆ ಹೋದದ್ದು ಈ ರೂಪದ ಹಡಗು. ಆದ್ದರಿಂದ 1765ರ ಬಣ್ಣವನ್ನು 1805ರ ಹಿಂಬದಿಗೆ ಬಳಿದರೆ ತಿಳಿದವರು ಒಂದೇ ನೋಟಕ್ಕೆ ಹಿಡಿಯುತ್ತಾರೆ. ನಿಮ್ಮ ಕಿಟ್‌ನ ಹಿಂಬದಿ ಹೇಗಿದೆ ಎಂದು ನೋಡಿ ವರ್ಷ ತೀರ್ಮಾನಿಸಿ. ಬಹುಪಾಲು ಕಿಟ್‌ಗಳು 1805ರದ್ದೇ.

ಇನ್ನೂ ಹಿಂದಿನ ಹಡಗು ಮಾಡುತ್ತಿದ್ದರೆ ಲೆಕ್ಕ ಪೂರ್ತಿ ಬೇರೆ. 1637ರ ‘ಸಾವರಿನ್ ಆಫ್ ದ ಸೀಸ್’ ಕಪ್ಪು ಮತ್ತು ಚಿನ್ನದ ರೇಕಿನಿಂದ ತುಂಬಿತ್ತು. ಅದಕ್ಕಾದ ಖರ್ಚು 65,586 ಪೌಂಡು. ಆ ದುಡ್ಡಿಗಾಗಿ ಹಾಕಿದ ತೆರಿಗೆ ಮೊದಲನೇ ಚಾರ್ಲ್ಸ್ ದೊರೆಯ ಮೇಲೆ ಜನ ಸಿಟ್ಟಾಗಲು ಒಂದು ಕಾರಣವೂ ಆಯಿತು. ಸ್ವೀಡನ್ನಿನ ‘ವಾಸಾ’ 1628ರಲ್ಲಿ ಮೊದಲ ಪ್ರಯಾಣದಲ್ಲೇ, ಬಂದರು ದಾಟುವ ಮೊದಲೇ ಮುಳುಗಿತು. 1961ರಲ್ಲಿ ಅದನ್ನು ಮೇಲೆತ್ತಿದ ಮೇಲೆ ಬಹಳ ವರ್ಷ ಅದರ ಕೆತ್ತನೆಗಳ ಹಿನ್ನೆಲೆ ನೀಲಿ ಎಂದೇ ಎಲ್ಲರೂ ನಂಬಿದ್ದರು. ಮರದಲ್ಲಿ ಉಳಿದಿದ್ದ ಬಣ್ಣದ ಕಣಗಳನ್ನು ಪರೀಕ್ಷಿಸಿದಾಗ ಅದು ಕೆಂಪು ಎಂದು ಗೊತ್ತಾಯಿತು. ನೀಲಿ ಹಿನ್ನೆಲೆಯ ವಾಸಾ ಚಿತ್ರಗಳು ಹಳೆಯ ಡಬ್ಬಗಳ ಮೇಲೆ ಈಗಲೂ ಕಾಣಸಿಗುತ್ತವೆ. ನಂಬಬೇಡಿ.

ಆಗಿನ ಡಬ್ಬದಲ್ಲಿ ಏನಿತ್ತು

ಆ ಕಾಲದ ಬಣ್ಣ ಎಂದರೆ ಅಗಸೆ ಎಣ್ಣೆಯಲ್ಲಿ ಅರೆದ ಪುಡಿ. ಬಿಳಿಗೆ ಸೀಸದ ಪುಡಿ. ಹಳದಿಗೆ ನೆಲದಿಂದ ತೆಗೆದ ಹಳದಿ ಮಣ್ಣು. ಕಪ್ಪಿಗೆ ದೀಪದ ಮಸಿ. ಕೆಂಪಿಗೆ ಕೆಮ್ಮಣ್ಣು. ನಮ್ಮ ಕರಾವಳಿಯ ಹಳೆಯ ಗುಡಿಗಳ ಕಾವಿ ಚಿತ್ರಗಳಲ್ಲಿ ಇರುವಂಥದೇ ಕಬ್ಬಿಣದ ಅಂಶದ ಮಣ್ಣು ಅದು. ಅಗ್ಗ, ಬಿಸಿಲಿಗೆ ಮಾಸುವುದಿಲ್ಲ, ಎಣ್ಣೆಯ ಜೊತೆ ಚೆನ್ನಾಗಿ ಹೊಂದುತ್ತದೆ. ನೀಲಿ ದುಬಾರಿ. ಹದಿನೆಂಟನೇ ಶತಮಾನದ ಆರಂಭದಲ್ಲಿ ಬರ್ಲಿನ್‌ನಲ್ಲಿ ಪ್ರಷ್ಯನ್ ನೀಲಿ ಕಂಡುಹಿಡಿದ ಮೇಲೆಯೇ ಅದರ ಬೆಲೆ ಇಳಿದದ್ದು.

ನೌಕಾಪಡೆಯ ಉಗ್ರಾಣದಿಂದ ಹಡಗಿಗೆ ಸಿಗುತ್ತಿದ್ದ ಬಣ್ಣ ಸೀಮಿತ. ಅದಕ್ಕಿಂತ ಹೆಚ್ಚಿನ ಅಲಂಕಾರ, ಚಿನ್ನದ ರೇಕು ಬೇಕು ಎಂದರೆ ಕ್ಯಾಪ್ಟನ್ ತನ್ನ ಜೇಬಿನಿಂದ ಕೊಡಬೇಕಿತ್ತು. ಹಾಗಾಗಿ ಸಿರಿವಂತ ಕ್ಯಾಪ್ಟನ್ನನ ಹಡಗು ಬೇರೆ, ಬಡ ಕ್ಯಾಪ್ಟನ್ನನ ಹಡಗು ಬೇರೆ.

ಇವತ್ತು ನೀವು ಸೀಸದ ಬಣ್ಣದ ಹತ್ತಿರ ಹೋಗಬೇಡಿ, ಅದು ವಿಷ. ಕಲಾವಿದರ ಅಕ್ರಿಲಿಕ್ ಟ್ಯೂಬುಗಳು ಸಾಕು: ಟೈಟಾನಿಯಂ ವೈಟ್, ಯೆಲ್ಲೋ ಓಕರ್, ಬರ್ಂಟ್ ಸಿಯೆನಾ, ಬರ್ಂಟ್ ಅಂಬರ್, ಇಂಡಿಯನ್ ರೆಡ್, ಕಪ್ಪು. ಪೆನ್ಸಿಲ್ ಅಂಗಡಿಯಲ್ಲಿ ಸಿಗುವ ವಿದ್ಯಾರ್ಥಿಗಳ ದರ್ಜೆಯ ಬಣ್ಣದಲ್ಲಿ ಪುಡಿ ದೊರಗು, ಹೊಳಪು ಜಾಸ್ತಿ. ಒಂದು ದರ್ಜೆ ಮೇಲಿನದು ಕೊಳ್ಳಿ. ಜೊತೆಗೆ ಬಣ್ಣದ ಹೊಳಪು ತಗ್ಗಿಸಲು ಬೆರೆಸುವ ಮ್ಯಾಟ್ ಮೀಡಿಯಂ ಒಂದು ಬಾಟಲಿ, ಮೃದುವಾದ ಚಪ್ಪಟೆ ಬ್ರಷ್ಷು, ಒಳ್ಳೆಯ ಮಾಸ್ಕಿಂಗ್ ಟೇಪು, 320 ಮತ್ತು 600 ನಂಬರಿನ ಸ್ಯಾಂಡ್ ಪೇಪರ್.

ಒಂದು ಲೆಕ್ಕವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. 1:100ರ ಮಾದರಿಯಲ್ಲಿ 0.1 ಮಿಲಿಮೀಟರ್ ದಪ್ಪದ ಬಣ್ಣ ಎಂದರೆ ನಿಜವಾದ ಹಡಗಿನ ಮೇಲೆ ಒಂದು ಸೆಂಟಿಮೀಟರ್ ದಪ್ಪದ ಬಣ್ಣ! ಬ್ರಷ್ಷಿನ ಗೆರೆ ಉಳಿದರೆ ಅದು ಉತ್ತ ಗದ್ದೆಯಂತೆ ಕಾಣುತ್ತದೆ. ಅದಕ್ಕೇ ಹಾಲಿನಷ್ಟು ತೆಳ್ಳಗೆ ಕಲಸಿ, ನಾಲ್ಕೈದು ಕೋಟ್ ಹೊಡೆಯಿರಿ. ಮೊದಲ ಎರಡು ಕೋಟ್ ಕೆಟ್ಟದಾಗಿಯೇ ಕಾಣುತ್ತದೆ. ಗಾಬರಿಯಾಗಿ ದಪ್ಪ ಬಳಿಯಬೇಡಿ.

ದೂರದ ಲೆಕ್ಕವೂ ಹೀಗೇ. ಮಾದರಿಯನ್ನು ಅರ್ಧ ಮೀಟರ್ ದೂರದಿಂದ ನೋಡುವುದು ನಿಜವಾದ ಹಡಗನ್ನು 50 ಮೀಟರ್ ದೂರದಿಂದ ನೋಡಿದ ಹಾಗೆ. ದೂರಕ್ಕೆ ಎಲ್ಲ ಬಣ್ಣವೂ ಸ್ವಲ್ಪ ಪೇಲವವಾಗಿ, ಹೊಳಪಿಲ್ಲದೆ ಕಾಣುತ್ತದೆ. ಆದ್ದರಿಂದ ಯಾವುದನ್ನೂ ಟ್ಯೂಬಿನಿಂದ ನೇರ ಬಳಿಯಬೇಡಿ. ಎಲ್ಲಕ್ಕೂ ಒಂದು ಚೂರು ಬಿಳಿ ಬೀಳಲಿ.

ಮೈ ಸಿದ್ಧ ಮಾಡುವುದು

ಒಡಲನ್ನು 320ರಿಂದ, ಆಮೇಲೆ 600ರಿಂದ ಉಜ್ಜಿ. ಹಲಗೆಗಳ ಸಂದಿಯನ್ನು ಪೂರ್ತಿ ಮುಚ್ಚಿಬಿಡುವ ಅಗತ್ಯವಿಲ್ಲ. ನಿಜವಾದ ಹಡಗಿನಲ್ಲೂ ಸಂದಿ ಕಾಣುತ್ತದೆ. ಬಿಚ್ಚಿದ ಹಳೆಯ ಹಗ್ಗದ ನಾರನ್ನು ಸಂದಿಗಳಿಗೆ ಉಳಿಯಿಂದ ಬಡಿದು ತುಂಬಿ, ಮೇಲೆ ಕಾಸಿದ ರಾಳ ಹೊಯ್ಯುತ್ತಿದ್ದರು. ನೀರು ಒಳಗೆ ಬಾರದಂತೆ ತಡೆಯುತ್ತಿದ್ದದ್ದು ಅದೇ, ಮೇಲಿನ ಬಣ್ಣ ಅಲ್ಲ.

ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ. ಮರದ ಸಣ್ಣ ರಂಧ್ರ ಮುಚ್ಚುವ ಸೀಲರ್ ತೆಳ್ಳಗೆ ಒಂದು ಕೋಟ್ ಹಾಕಿ. ಮರದ ನಾರು ಎದ್ದು ನಿಲ್ಲುತ್ತದೆ. ಒಣಗಿದ ಮೇಲೆ ಮತ್ತೆ 600ರಿಂದ ಹಗುರಾಗಿ ಉಜ್ಜಿ. ಈ ಹಂತ ತಪ್ಪಿಸಿದರೆ ಮುಂದಿನ ಯಾವ ಕೋಟೂ ನುಣುಪಾಗುವುದಿಲ್ಲ.

ನೀರಿನ ಗೆರೆ ಈಗಲೇ ಎಳೆದುಕೊಳ್ಳಿ. ಹಡಗನ್ನು ಸಮತಟ್ಟಾದ ಮೇಜಿನ ಮೇಲೆ, ನೀರಿನಲ್ಲಿ ನಿಲ್ಲುವ ಹಾಗೆಯೇ ನಿಲ್ಲಿಸಿ. ಮರದ ತುಂಡಿಗೆ ಪೆನ್ಸಿಲ್ ಅಡ್ಡಲಾಗಿ ಕಟ್ಟಿ, ಸರಿಯಾದ ಎತ್ತರದಲ್ಲಿಟ್ಟು ಸುತ್ತ ಒಂದು ಸುತ್ತು ಬನ್ನಿ. ಕೈಯಿಂದ ಎಳೆಯಲು ಹೋಗಬೇಡಿ. ಒಡಲು ಹಿಂದೆ ಮುಂದೆ ಒಳಕ್ಕೆ ಬಾಗುವುದರಿಂದ ಕಣ್ಣಿಗೆ ನೇರ ಕಂಡದ್ದು ನೇರ ಇರುವುದಿಲ್ಲ.

ಒಳಗಿನ ಕೆಂಪು ಮೊದಲು

ತೋಪಿನ ಕಿಂಡಿಗಳ ಒಳಅಂಚು, ಕಿಂಡಿ ಬಾಗಿಲ ಒಳಮುಖ, ಡೆಕ್ಕಿನ ಸುತ್ತಣ ತಡೆಗೋಡೆಯ ಒಳಮೈ. ಇವನ್ನು ಮೊದಲು ಮುಗಿಸಿ. ಹೊರಗಿನ ಬಣ್ಣ ಆದಮೇಲೆ ಕಿಂಡಿಯೊಳಗೆ ಬ್ರಷ್ಷು ಹಾಕಿದರೆ ಅಂಚು ಕೆಡುತ್ತದೆ.

ಇಂಡಿಯನ್ ರೆಡ್‌ಗೆ ಸ್ವಲ್ಪ ಬರ್ಂಟ್ ಸಿಯೆನಾ, ಒಂದು ಹನಿ ಬಿಳಿ ಸೇರಿಸಿ. ಇಟ್ಟಿಗೆಗಿಂತ ಸ್ವಲ್ಪ ಮಂಕಾದ ಕೆಂಪು ಬರಬೇಕು. ಅಂಚೆಪೆಟ್ಟಿಗೆಯ ಕೆಂಪು ಬಂದರೆ ತಪ್ಪಿದಿರಿ ಎಂದರ್ಥ.

ಕದನದಲ್ಲಿ ಹರಿದ ರಕ್ತ ಕಾಣಬಾರದು ಅಂತ ಒಳಗೆ ಕೆಂಪು ಬಳಿಯುತ್ತಿದ್ದರು ಎಂಬ ಕಥೆ ಎಲ್ಲ ಕಡೆ ಓಡಾಡುತ್ತದೆ. ಕೇಳಲು ರೋಚಕವಾಗಿದೆ, ಅಲ್ವಾ? ಆದರೆ ರಕ್ತ ಜಾಸ್ತಿ ಬೀಳುತ್ತಿದ್ದ ಡೆಕ್ಕಿನ ನೆಲಕ್ಕೆ ಬಣ್ಣವೇ ಇರುತ್ತಿರಲಿಲ್ಲ. ಕೆಮ್ಮಣ್ಣು ಅಗ್ಗವಾಗಿತ್ತು, ಉಗ್ರಾಣದಲ್ಲಿತ್ತು. ಅಷ್ಟೇ ಸಂಗತಿ. ಹತ್ತೊಂಬತ್ತನೇ ಶತಮಾನ ಶುರುವಾಗುವ ಹೊತ್ತಿಗೆ ಒಳಗಡೆಗೆ ಹಳದಿ, ಬಿಳಿ, ಹಸಿರು ಬರತೊಡಗಿದ್ದವು. ಕೆಳಗಿನ ಕತ್ತಲೆಯ ಡೆಕ್ಕುಗಳಿಗೆ ಸುಣ್ಣ ಬಳಿಯುತ್ತಿದ್ದರು. ಬೆಳಕು ಸ್ವಲ್ಪ ಹೆಚ್ಚುತ್ತದೆ, ವಾಸನೆಯೂ ಕಡಿಮೆಯಾಗುತ್ತದೆ.

ಹಳದಿ ಪಟ್ಟಿ: ಜಗಳ ಇರುವುದು ಇಲ್ಲೇ

ವಿಕ್ಟರಿ ಎಂದರೆ ಕಪ್ಪು-ಹಳದಿ ಪಟ್ಟಿ. ತೋಪಿನ ಕಿಂಡಿಗಳ ಪ್ರತಿ ಸಾಲಿಗೂ ಒಂದು ಹಳದಿ ಪಟ್ಟಿ, ನಡುವೆ ಕಪ್ಪು. ಕಿಂಡಿಯ ಬಾಗಿಲುಗಳ ಹೊರಮುಖ ಕಪ್ಪು. ಬಾಗಿಲು ಮುಚ್ಚಿದಾಗ ಹಳದಿ ಪಟ್ಟಿಯ ಮೇಲೆ ಕಪ್ಪು ಚೌಕಗಳು ಸಾಲಾಗಿ ನಿಲ್ಲುತ್ತವೆ. ನೆಲ್ಸನ್ ಚೌಕಳಿ ಎಂದು ಇದು ಹೆಸರಾಗಿದೆ. ಟ್ರಫಾಲ್ಗರ್‌ನಲ್ಲಿದ್ದ ಎಲ್ಲ ಬ್ರಿಟಿಷ್ ಹಡಗುಗಳೂ ಹೀಗೇ ಇದ್ದವು ಎಂದು ತಿಳಿಯಬೇಡಿ. ಒಬ್ಬೊಬ್ಬ ಕ್ಯಾಪ್ಟನ್ ಒಂದೊಂದು ಥರ ಬಳಿಸಿದ್ದ. ಎದುರಿಗಿದ್ದ ಸ್ಪೇನಿನ ‘ಸಾಂತಿಸಿಮಾ ತ್ರಿನಿದಾದ್’ನ ಮೈ ಕೆಂಪು, ಅದರ ಮೇಲೆ ಬಿಳಿ ಗೆರೆಗಳು. ನೆಪೋಲಿಯನ್ ಯುದ್ಧಗಳು ಮುಗಿಯುತ್ತ ಬಂದಂತೆ ಬ್ರಿಟಿಷರ ಹಳದಿಯೂ ಹೋಗಿ ಬಿಳಿ ಪಟ್ಟಿ ಬಂತು.

ಸರಿ, ಆ ಹಳದಿ ಎಂಥ ಹಳದಿ? 1922ರಿಂದ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನ ಡ್ರೈ ಡಾಕಿನಲ್ಲಿ (ನೀರು ಬಸಿದ ಹಡಗುಕಟ್ಟೆಯಲ್ಲಿ) ನಿಂತಿರುವ ವಿಕ್ಟರಿಗೆ ಬಹುಕಾಲ ದಟ್ಟವಾದ, ಕಿತ್ತಳೆಯ ಕಡೆಗೆ ವಾಲುವ ಹಳದಿ ಇತ್ತು. ಪೋಸ್ಟ್‌ಕಾರ್ಡು, ಕಿಟ್ ಡಬ್ಬ, ಪುಸ್ತಕಗಳೆಲ್ಲ ಅದನ್ನೇ ನಕಲು ಮಾಡಿದವು. ಆಮೇಲೆ ಮರದ ಮೇಲೆ ಒಂದರ ಮೇಲೊಂದು ಕೂತಿದ್ದ ಹತ್ತಾರು ಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಮರದ ಚೂರನ್ನು ಅಡ್ಡಕ್ಕೆ ಕತ್ತರಿಸಿದರೆ ಪದರಗಳು ತೆಳ್ಳಗಿನ ಗೆರೆಗಳಾಗಿ ಕಾಣುತ್ತವೆ. ಕೆಳಗಿನ ಗೆರೆ ಹಳೆಯದು, ಮೇಲಿನದು ಹೊಸದು. ನಡುವೆ ಕೊಳೆಯ ಒಂದು ಎಳೆ ಸಿಕ್ಕರೆ ಆ ಕೋಟ್ ಬಹಳ ದಿನ ಹೊರಗೆ ಬಿಸಿಲು ಮಳೆಯಲ್ಲಿತ್ತು ಎಂದರ್ಥ. ಹೀಗೆ ಎಣಿಸುತ್ತ ಟ್ರಫಾಲ್ಗರ್ ಕಾಲದ ಪದರಕ್ಕೆ ಬಂದಾಗ ಸಿಕ್ಕಿದ್ದು ದಟ್ಟ ಹಳದಿಯಲ್ಲ. ಪೇಲವವಾದ, ಸ್ವಲ್ಪ ಗುಲಾಬಿ ಛಾಯೆಯ, ಗೋಡೆಯ ಗಾರೆಯಂಥ ಬಣ್ಣ. 2015ರಲ್ಲಿ ಹಡಗಿಗೆ ಅದೇ ಬಣ್ಣ ಹೊಡೆದರು. ನೋಡಿದ ಜನ ‘ಇದೆಂಥ ಗುಲಾಬಿ ವಿಕ್ಟರಿ!’ ಅಂತ ಗೊಣಗಿದ್ದೂ ಉಂಟು.

ನನ್ನ ಮಟ್ಟಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಹಳದಿ ಮಣ್ಣಿಗೆ ಸೀಸದ ಬಿಳಿ ಧಾರಾಳವಾಗಿ ಬೆರೆಸಿದರೆ ಬರುವುದೇ ಇಂಥ ಬಣ್ಣ. ಹಳೆಯ ದಟ್ಟ ಹಳದಿಯನ್ನೇ ಬಳಿದರೂ ಯಾರೂ ನಿಮ್ಮನ್ನು ಹಿಡಿದು ಕೇಳುವುದಿಲ್ಲ. ಆದರೆ 1805 ಎಂದು ಚೀಟಿಯಲ್ಲಿ ಬರೆದುಕೊಂಡಿದ್ದರೆ ಪೇಲವದ್ದೇ ಸರಿ.

ಕಲಸುವುದು ಹೀಗೆ. ನಾಲ್ಕು ಪಾಲು ಬಿಳಿಗೆ ಎರಡು ಪಾಲು ಯೆಲ್ಲೋ ಓಕರ್ ಹಾಕಿ ಶುರು ಮಾಡಿ. ಬರ್ಂಟ್ ಸಿಯೆನಾವನ್ನು ಕಡ್ಡಿಯ ತುದಿಯಲ್ಲಿ ತೆಗೆದುಕೊಂಡು ಸ್ವಲ್ಪ ಸ್ವಲ್ಪವೇ ಸೇರಿಸಿ. ಮಾದರಿಗೆ ಬಳಸಿದ ಮರದ್ದೇ ಒಂದು ಚೂರಿನ ಮೇಲೆ ಬಳಿದು, ಪೂರ್ತಿ ಒಣಗಿದ ಮೇಲೆ ಹಗಲು ಬೆಳಕಿನಲ್ಲಿ ನೋಡಿ. ಅಕ್ರಿಲಿಕ್ ಒಣಗಿದಾಗ ಒಂದು ಛಾಯೆ ಕಪ್ಪಾಗುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಗುಲಾಬಿ ಛಾಯೆ ಸತ್ತುಹೋಗುತ್ತದೆ. ಇಡೀ ಹಡಗಿಗೆ ಸಾಲುವಷ್ಟು ಒಂದೇ ಸಲಕ್ಕೆ ಕಲಸಿ, ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡಿ. ಹಾಯಿ ಹೊರುವ ಕಂಬಕ್ಕೂ, ಅಂದರೆ ಕೂವೆಮರಕ್ಕೂ, ಇದೇ ಬಣ್ಣ ಬೇಕಾಗುತ್ತದೆ.

ನೀರಿನ ಗೆರೆಯ ಮೇಲಿನ ಮೈಗೆಲ್ಲ ಮೊದಲು ಈ ಹಳದಿ ಬಳಿಯಿರಿ. ಎರಡು ದಿನ ಬಿಡಿ. ಆಮೇಲೆ ಪಟ್ಟಿಗಳನ್ನು ಗುರುತಿಸಿ. ಇಲ್ಲಿ ಬಹಳ ಜನ ಎಡವುತ್ತಾರೆ. ಒಡಲಿನ ಹೊರಗೆ ಉಬ್ಬಿರುವ ದಪ್ಪ ಹಲಗೆಗಳ ಸಾಲು ಒಂದು ಬಾಗಿನಲ್ಲಿ ಹೋಗುತ್ತದೆ, ತೋಪಿನ ಕಿಂಡಿಗಳ ಸಾಲು ಇನ್ನೊಂದು ಬಾಗಿನಲ್ಲಿ. ಹಳದಿ ಪಟ್ಟಿ ಕಿಂಡಿಗಳ ಜೊತೆ ಹೋಗಬೇಕು. ದಪ್ಪ ಹಲಗೆಗಳನ್ನು ಅದು ಅಡ್ಡ ಹಾಯ್ದರೂ ಪರವಾಗಿಲ್ಲ, ನಿಜವಾದ ಹಡಗಿನಲ್ಲೂ ಹಾಯುತ್ತದೆ.

ಎರಡು ಮೂರು ಮಿಲಿಮೀಟರ್ ಅಗಲದ ಬಾಗುವ ಟೇಪನ್ನು ಕಿಂಡಿಗಳ ಮೇಲಂಚಿಗೆ ಒಂದು, ಕೆಳಅಂಚಿಗೆ ಒಂದು ಎಳೆಯಿರಿ. ಎಳೆದ ಮೇಲೆ ಹಡಗಿನ ಮೂತಿಯ ಕಡೆ ನಿಂತು, ಒಂದು ಕಣ್ಣು ಮುಚ್ಚಿ, ಉದ್ದಕ್ಕೆ ನೋಡಿ. ಸೊಟ್ಟ ಇದ್ದರೆ ತಕ್ಷಣ ಕಾಣುತ್ತದೆ. ತೃಪ್ತಿಯಾದ ಮೇಲೆ ನಡುವಿನ ಜಾಗ ಅಗಲದ ಟೇಪಿನಿಂದ ಮುಚ್ಚಿ. ಟೇಪಿನ ಅಂಚನ್ನು ಉಗುರಿನಿಂದ ಒತ್ತಿ, ಅದರ ಮೇಲೆ ಮೊದಲು ಅದೇ ಹಳದಿಯನ್ನೇ ತೆಳ್ಳಗೆ ಒಂದು ಸಲ ಹೊಡೆಯಿರಿ. ಟೇಪಿನ ಕೆಳಗೆ ಜಿನುಗುವುದಿದ್ದರೆ ಆ ಹಳದಿಯೇ ಜಿನುಗಿ ಸಂದು ಮುಚ್ಚುತ್ತದೆ. ಆಮೇಲೆ ಬಳಿದ ಕಪ್ಪು ಗೀಟಿನಂತೆ ನಿಲ್ಲುತ್ತದೆ.

ಕಪ್ಪಿಗೆ ಬರ್ಂಟ್ ಅಂಬರ್ ಮತ್ತು ಚೂರು ಬಿಳಿ ಸೇರಿಸಿ. ಮಸಿಗಪ್ಪು ಬೇಡ. ಬಿಸಿಲು, ಉಪ್ಪುನೀರು ಬಿದ್ದ ಮಸಿ-ಎಣ್ಣೆ ಬಣ್ಣ ಬೇಗ ಬೂದು ತಿರುಗುತ್ತಿತ್ತು. ಟೇಪನ್ನು ಕಪ್ಪು ಪೂರ್ತಿ ಗಟ್ಟಿಯಾಗುವ ಮೊದಲೇ, ಹಿಂದಕ್ಕೆ ಮಡಿಚಿ ನಿಧಾನ ಎಳೆದು ತೆಗೆಯಿರಿ.

ನೀರಿನ ಕೆಳಗೆ

ತಾಮ್ರ ಬರುವ ಮೊದಲು ಹಡಗಿನ ತಳಕ್ಕೆ ಮೂರು ಬಗೆಯ ಲೇಪ ಇತ್ತು. ಬಿಳಿಯದು: ತಿಮಿಂಗಿಲದ ಎಣ್ಣೆ, ರಾಳ, ಗಂಧಕ. ಕಪ್ಪನೆಯದು: ಪೈನ್ ಮರದ ಟಾರು ಮತ್ತು ಅದನ್ನು ಕಾಯಿಸಿ ಗಟ್ಟಿ ಮಾಡಿದ ಅಂಟು. ಕಂದು: ಕಪ್ಪಿಗೇ ಗಂಧಕ ಬೆರೆಸಿದ್ದು. ಬಿಳಿಯದು ಒಳ್ಳೆಯದು, ದುಬಾರಿ. ಕಪ್ಪು ಅಗ್ಗ. ಎಲ್ಲವೂ ಹಡಗು ಹುಳದ ಕಾಟಕ್ಕೆ. ಹೆಸರಿಗೆ ಹುಳ, ನಿಜದಲ್ಲಿ ಅದು ಚಿಪ್ಪಿನ ಜಾತಿಯ ಪ್ರಾಣಿ. ಬೆಚ್ಚಗಿನ ಸಮುದ್ರದಲ್ಲಿ ಓಕ್ ಹಲಗೆಯನ್ನು ಒಳಗಿಂದಲೇ ಜರಡಿ ಮಾಡಿಬಿಡುತ್ತದೆ. ನಮ್ಮ ಪಶ್ಚಿಮ ಕರಾವಳಿಯ ಮರದ ದೋಣಿಗಳಿಗೆ ಮೀನೆಣ್ಣೆ, ಸುಣ್ಣ-ಎಣ್ಣೆಯ ಲೇಪ ಬಳಿಯುತ್ತಿದ್ದದ್ದೂ ಇದೇ ಕಾರಣಕ್ಕೆ. 1765ರ ವಿಕ್ಟರಿ ಮಾಡುವವರು ತಳಕ್ಕೆ ಕೊಳೆ ಬಿಳಿ ಬಳಿದರೆ ಮುಗಿಯಿತು.

1761ರಲ್ಲಿ ‘ಅಲಾರ್ಮ್’ ಎಂಬ ಚಿಕ್ಕ ಯುದ್ಧಹಡಗಿಗೆ ಬ್ರಿಟಿಷರು ತಾಮ್ರದ ತಗಡು ಹೊದಿಸಿ ನೋಡಿದರು. ಹುಳ ನಿಂತಿತು, ಪಾಚಿಯೂ ಕಟ್ಟಲಿಲ್ಲ. ಆದರೆ ತಾಮ್ರಕ್ಕೆ ತಾಗಿದ್ದ ಕಬ್ಬಿಣದ ಮೊಳೆಗಳು ಉಪ್ಪುನೀರಿನಲ್ಲಿ ಕರಗಿಹೋದವು. ಕಬ್ಬಿಣದ ಬದಲು ತಾಮ್ರ ಮಿಶ್ರಲೋಹದ ಬೋಲ್ಟುಗಳು ಬಂದ ಮೇಲೆ ಆ ತಾಪತ್ರಯ ತಪ್ಪಿತು. ವಿಕ್ಟರಿಗೆ ತಾಮ್ರ ಹೊದಿಸಿದ್ದು 1780ರಲ್ಲಿ.

ಒಂದು ತಗಡು 4 ಅಡಿ ಉದ್ದ, 14 ಇಂಚು ಅಗಲ. 1:100ರಲ್ಲಿ 12.2 ಮಿಲಿಮೀಟರ್‌ಗೆ 3.6 ಮಿಲಿಮೀಟರ್. ಅಂಟು ಇರುವ ತಾಮ್ರದ ಟೇಪು ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಇದ್ದೇ ಇದೆ. ಉಕ್ಕಿನ ಸ್ಕೇಲು, ಹೊಸ ಬ್ಲೇಡು ಹಿಡಿದು ಒಂದೇ ಅಳತೆಗೆ ಕತ್ತರಿಸಿ. ಹಿಂಬದಿಯ ಕೆಳಗಿನ ಮೂಲೆಯಿಂದ ಶುರು ಮಾಡಿ ಮುಂದಕ್ಕೆ ಬನ್ನಿ. ಮುಂದಿನ ತಗಡಿನ ಅಂಚು ಹಿಂದಿನ ತಗಡಿನ ಮೇಲೆ ಕೂದಲೆಳೆಯಷ್ಟು ಕೂರಲಿ. ಹಡಗು ಮುಂದೆ ಹೋಗುವಾಗ ನೀರು ಅಂಚಿನೊಳಗೆ ನುಗ್ಗಬಾರದಲ್ಲ, ಅದಕ್ಕೆ. ಎರಡನೇ ಸಾಲಿನ ಸಂದಿ ಮೊದಲ ಸಾಲಿನ ಸಂದಿಯ ನೇರಕ್ಕೆ ಬರದಂತೆ ಅರ್ಧ ತಗಡು ಸರಿಸಿ.

ಕೆಲವು ಕಿಟ್‌ಗಳ ತಗಡಿನ ಮೇಲೆ ಮೊಳೆಯ ತಲೆಗಳು ಗುಳ್ಳೆಗಳಂತೆ ಎದ್ದು ಕಾಣುತ್ತವೆ. ಮಾದರಿಯಲ್ಲಿ ಒಂದು ಮಿಲಿಮೀಟರ್ ಗುಳ್ಳೆ ಎಂದರೆ ನಿಜದಲ್ಲಿ 10 ಸೆಂಟಿಮೀಟರ್ ಅಗಲದ ಮೊಳೆ. ಅಂಥ ಮೊಳೆ ಯಾವ ಹಡಗಿನಲ್ಲೂ ಇರಲಿಲ್ಲ. ಮೊಳೆಗಳು ತಗಡಿನ ಮೈಗೆ ಸಮನಾಗಿ ಕೂರುತ್ತಿದ್ದವು. ನುಣುಪು ಟೇಪೇ ವಾಸಿ.

ತಾಮ್ರವನ್ನು ಫಳಫಳ ಎಂದು ಬಿಡಬೇಡಿ, ಹಸಿರೂ ಮಾಡಬೇಡಿ. ಸಮುದ್ರಕ್ಕಿಳಿದ ತಾಮ್ರ ಕೆಲವೇ ದಿನಗಳಲ್ಲಿ ಮಂಕು ಕಂದಾಗುತ್ತದೆ. ಹಸಿರು ಕಿಲುಬು ಕಾಣುವುದು ಗಾಳಿ-ನೀರು ಎರಡೂ ಆಡುವ ನೀರಿನ ಗೆರೆಯ ಹತ್ತಿರ. ಟೇಪನ್ನು ಸ್ಪಿರಿಟ್ಟಿನಿಂದ ಒರೆಸಿ, ಬೆರಳಚ್ಚು ಬೀಳದಂತೆ ಸುಮ್ನೆ ಕೆಲವು ತಿಂಗಳು ಬಿಟ್ಟರೆ ಅದೇ ಕಂದಾಗುತ್ತದೆ. ಆಮೇಲೆ ಬೇಕಿದ್ದರೆ ಮ್ಯಾಟ್ ಸೀಲರ್ ಹಾಕಿ ಅಲ್ಲಿಗೇ ನಿಲ್ಲಿಸಬಹುದು.

ಡೆಕ್ಕು

ಇಲ್ಲಿ ಮಾಡಬೇಕಾದ್ದು ಕಡಿಮೆ. ಅದೇ ಕಷ್ಟ. ಡೆಕ್ಕಿಗೆ ಬಣ್ಣವಿಲ್ಲ, ವಾರ್ನಿಶ್ ಇಲ್ಲ. ದಿನಾ ಬೆಳಿಗ್ಗೆ ನಾವಿಕರು ಮಂಡಿಯೂರಿ, ಮರಳು ಮತ್ತು ಸಮುದ್ರದ ನೀರು ಹಾಕಿ, ಮರಳುಗಲ್ಲಿನಿಂದ ತಿಕ್ಕುತ್ತಿದ್ದರು. ಹಲಗೆ ಬೆಳ್ಳಗೆ, ಬೂದು ಮಿಶ್ರಿತವಾಗಿ ಇರುತ್ತಿತ್ತು. ಜೇನುಬಣ್ಣದ ಡೆಕ್ಕು ವಿಹಾರನೌಕೆಗಳ ಶೋಕಿ.

ತಿಳಿಬಣ್ಣದ, ಸಣ್ಣ ರೇಖೆಯ ಮರ ಬಳಸಿ. ಪ್ರತಿ ಹಲಗೆಯ ಒಂದು ಅಂಚಿಗೆ ಮೃದು ಪೆನ್ಸಿಲ್ ಉಜ್ಜಿ ಅಂಟಿಸಿದರೆ ಸಂದಿಯ ಕಪ್ಪು ಗೆರೆ ತಾನಾಗಿ ಬರುತ್ತದೆ. ಮೇಲೆ ತೆಳ್ಳಗಿನ ಮ್ಯಾಟ್ ಸೀಲರ್ ಒಂದೇ ಕೋಟ್. ಅಗಸೆ ಎಣ್ಣೆ ಹಚ್ಚಿದರೆ ಮರ ಹಳದಿಗಟ್ಟುತ್ತದೆ. 1765ರ ಮಾದರಿಯ ಹೊರಮೈಗೆ ಅದು ಚಂದ, ಡೆಕ್ಕಿಗೆ ಬೇಡ. ಎಣ್ಣೆ ಬಳಸಿದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ತಾನಾಗಿಯೇ ಬೆಂಕಿ ಹತ್ತಬಹುದು. ಹರಡಿ ಹೊರಗೆ ಒಣಗಿಸಿ.

ಕೆತ್ತನೆ, ಚಿನ್ನ

1703ರಲ್ಲೇ ಬ್ರಿಟಿಷ್ ನೌಕಾಪಡೆ ಕೆತ್ತನೆಯ ಖರ್ಚಿಗೆ ಕಡಿವಾಣ ಹಾಕಿತ್ತು. 1805ರ ವಿಕ್ಟರಿಯ ಹಿಂಬದಿಯಲ್ಲಿ ಕೆತ್ತನೆ ಇದೆ, ಆದರೆ ಅದನ್ನೆಲ್ಲ ಬಂಗಾರದ ಪೇಂಟಿನಲ್ಲಿ ಅದ್ದಬೇಡಿ. ಹೆಚ್ಚಿನ ಕಡೆ ಚಿನ್ನದ ಕೆಲಸವನ್ನು ಹಳದಿ ಬಣ್ಣವೇ ಮಾಡುತ್ತಿತ್ತು. ಪಟ್ಟಿಯ ಹಳದಿಗೇ ಸ್ವಲ್ಪ ಹೆಚ್ಚು ಓಕರ್ ಸೇರಿಸಿ ಉಬ್ಬಿದ ಭಾಗಗಳಿಗೆ ಒಣ ಬ್ರಷ್ಷಿನಿಂದ ತಾಗಿಸಿ. ರಾಜಲಾಂಛನ ಒಂದಕ್ಕೆ ಮಾತ್ರ ಬಣ್ಣ-ಬಂಗಾರ ಧಾರಾಳವಾಗಿ ಇರಲಿ.

ಕೂವೆಮರ, ಹಗ್ಗ, ಹಾಯಿ

ಕೆಳಗಿನ ದಪ್ಪ ಕೂವೆಮರಗಳಿಗೆ ಮೈಯ ಹಳದಿಯೇ. ಅವುಗಳ ಸುತ್ತಣ ಕಬ್ಬಿಣದ ಪಟ್ಟಿಗಳಿಗೂ ಹಳದಿ. ಇದು ಚಿಕ್ಕ ವಿಷಯವಲ್ಲ. ಫ್ರೆಂಚ್ ಮತ್ತು ಸ್ಪ್ಯಾನಿಷ್ ಹಡಗುಗಳ ಪಟ್ಟಿಗಳು ಕಪ್ಪಗಿದ್ದವು. ತೋಪಿನ ಹೊಗೆಯಲ್ಲಿ ಒಡಲು ಮುಚ್ಚಿಹೋದಾಗ ಮೇಲೆ ಕಾಣುವುದು ಕೂವೆ ಮಾತ್ರ. ನಮ್ಮವರು ಯಾರು, ಎದುರಾಳಿ ಯಾರು ಅಂತ ಗೊತ್ತಾಗಲಿ ಎಂದು ನೆಲ್ಸನ್ ತನ್ನ ಹಡಗುಗಳ ಪಟ್ಟಿಗಳಿಗೆ ಹಳದಿ ಬಳಿಸಿದ. ಕಿಟ್‌ನ ಸೂಚನೆ ಕಪ್ಪು ಎಂದರೂ ಟ್ರಫಾಲ್ಗರ್‌ನ ವಿಕ್ಟರಿಗೆ ಹಳದಿಯೇ ಹಾಕಿ.

ಅದರ ಮೇಲಿನ ಕೂವೆಗೆ ಬಣ್ಣ ಬೇಡ. ಹಾಯಿ ತೂಗುಹಾಕುವ ಅಡ್ಡಮರಗಳು ಅದರ ಮೇಲೆ ಜಾರುತ್ತ ಏರಿ ಇಳಿಯಬೇಕು. ಬಣ್ಣ ಹೊಡೆದರೆ ಕೆತ್ತಿಹೋಗುತ್ತದೆ. ಉಪ್ಪು ಹಾಕಿದ ಮಾಂಸ ಬೇಯಿಸಿದಾಗ ತೇಲುವ ಕೊಬ್ಬನ್ನು ತೆಗೆದು ಅಲ್ಲಿಗೆ ಬಳಿಯುತ್ತಿದ್ದರು. ಮಾದರಿಯಲ್ಲಿ ಒಂದು ಚೂರು ಮೇಣ ಉಜ್ಜಿದರೆ ಆ ಮಂದ ಹೊಳಪು ಬರುತ್ತದೆ. ಅಡ್ಡಮರಗಳು ಕಪ್ಪು.

ಕೂವೆಯನ್ನು ಹಿಡಿದು ನಿಲ್ಲಿಸುವ ಹಗ್ಗಗಳಿಗೆ ಟಾರು ಹಚ್ಚಿರುತ್ತಿತ್ತು. ಅವಕ್ಕೆ ಗಾಢ ಕಂದು ದಾರ ಬಳಸಿ. ಹಾಯಿ ಎಳೆದು ಬಿಡುವ ಹಗ್ಗಗಳು ತಿಳಿ ಸೆಣಬಿನ ಬಣ್ಣ. ಎರಡೂ ಬಗೆಯ ದಾರಕ್ಕೆ ಜೇನುಮೇಣ ಹಚ್ಚಿದರೆ ನವಿರು ಎಳೆಗಳು ಕೂರುತ್ತವೆ. ಹಾಯಿಯನ್ನು ಟೀ ಡಿಕಾಕ್ಷನ್ನಿನಲ್ಲಿ ಅದ್ದುವ ಪದ್ಧತಿಯಿದೆ. ಮಾಡಿದರೆ ಬಹಳ ತೆಳ್ಳಗೆ ಮಾಡಿ. ಕಂದು ಹಾಯಿ ಕಡಲುಗಳ್ಳರ ಸಿನಿಮಾಕ್ಕೆ ಸರಿ.

ಕೊಳೆ, ತುಕ್ಕು, ಸವೆತ ತೋರಿಸುವುದರಲ್ಲೂ ಕೈ ಬಿಗಿ ಹಿಡಿಯಿರಿ. ನೂರಾರು ಜನ ನಾವಿಕರಿದ್ದ ಹಡಗಿನಲ್ಲಿ ಅವರನ್ನು ಸುಮ್ಮನೆ ಕೂರಿಸುತ್ತಿರಲಿಲ್ಲ. ಬಂದರು ಹತ್ತಿರ ಬಂದರೆ ಬಣ್ಣದ ಡಬ್ಬ ಹೊರಬರುತ್ತಿತ್ತು. ನೀರು ಹೊರಹೋಗುವ ತೂತುಗಳ ಕೆಳಗೆ ಒಂದೆರಡು ಮಾಸಲು ಗೆರೆ ಸಾಕು.

ತೇಗದ ಹಡಗು ಬೇಕೆಂದರೆ

ಇದೇ ಕ್ರಮದಲ್ಲಿ ‘ಟ್ರಿಂಕೊಮಲಿ’ಯನ್ನೂ ಮಾಡಬಹುದು. ಯುದ್ಧಗಳಿಂದ ಇಂಗ್ಲೆಂಡಿನಲ್ಲಿ ಓಕ್ ಮರಕ್ಕೆ ಬರ ಬಂದಾಗ ಬ್ರಿಟಿಷರು ಮುಂಬೈಯಲ್ಲಿ ತೇಗದ ಯುದ್ಧಹಡಗು ಕಟ್ಟಿಸತೊಡಗಿದರು. ಮಲಬಾರಿನ ತೇಗದಿಂದ ವಾಡಿಯಾ ಮನೆತನದವರು ಕಟ್ಟಿದ ಈ ಹಡಗು 1817ರ ಅಕ್ಟೋಬರ್ 12ರಂದು ನೀರಿಗಿಳಿಯಿತು. ಈಗಲೂ ಇಂಗ್ಲೆಂಡಿನ ಹಾರ್ಟ್‌ಲ್‌ಪೂಲ್‌ನಲ್ಲಿ ತೇಲುತ್ತಿದೆ. ಓಕ್‌ನ ಹುಳಿ ಅಂಶ ಕಬ್ಬಿಣವನ್ನು ತಿನ್ನುತ್ತದೆ. ತೇಗದ ಎಣ್ಣೆ ಕಬ್ಬಿಣವನ್ನು ಕಾಯುತ್ತದೆ. ಅದೂ ಅದರ ಬಾಳಿಕೆಗೆ ಒಂದು ಕಾರಣ.

ಇದರ ಪಟ್ಟಿ ಬಿಳಿ, ಹಳದಿಯಲ್ಲ. ಶುದ್ಧ ಬಿಳಿಗೆ ಒಂದು ಚೂರು ಓಕರ್ ಹಾಕಿ ಕೆನೆಬಣ್ಣ ಮಾಡಿಕೊಳ್ಳಿ. ತೇಗದ ಹಡಗು ಎಂದು ಮಾದರಿಗೂ ತೇಗವನ್ನೇ ಬಳಸುವ ಆಸೆ ಆಗುತ್ತದೆ. ಬೇಡ ಅನ್ನುತ್ತೇನೆ. ಅದರ ರೇಖೆಗಳು ಈ ಅಳತೆಗೆ ಬಹಳ ದಪ್ಪ. ಬಳಸಲೇಬೇಕು ಎಂದರೆ ಅಂಟಿಸುವ ಮೊದಲು, ಬಣ್ಣ ಹೊಡೆಯುವ ಮೊದಲು ಥಿನ್ನರ್‌ನಿಂದ ಒರೆಸಿ. ಮರದ ಎಣ್ಣೆ ಹಾಗೇ ಇದ್ದರೆ ಅಂಟೂ ನಿಲ್ಲದು, ಅಕ್ರಿಲಿಕ್ಕೂ ನಿಲ್ಲದು.

ಪೆಟ್ಟಿಗೆಗೆ ಹಾಕುವ ಮುನ್ನ

ಎಲ್ಲ ಮುಗಿದ ಮೇಲೆ ಹೊಳಪು ಎಲ್ಲಾದರೂ ಉಳಿದಿದ್ದರೆ ಮ್ಯಾಟ್ ವಾರ್ನಿಶ್ ಒಂದು ತೆಳು ಕೋಟ್. ಧೂಳಿಗೆ ಗಾಜಿನ ಅಥವಾ ಅಕ್ರಿಲಿಕ್ ಪೆಟ್ಟಿಗೆ ಬೇಕೇ ಬೇಕು, ಆದರೆ ಅದನ್ನು ಪೂರ್ತಿ ಬಿಗಿಯಾಗಿ ಮುಚ್ಚಬೇಡಿ. ಹಳೆಯ ಕಿಟ್‌ಗಳ ತೋಪು, ಲಂಗರುಗಳಲ್ಲಿ ಸೀಸ ಇರುತ್ತದೆ. ಓಕ್ ಮರ, ಪ್ಲೈವುಡ್ ಮತ್ತು ಹುಳಿವಾಸನೆಯ ಸಿಲಿಕೋನ್ ಅಂಟಿನಿಂದ ವಿನೆಗರಿನಂಥ ಆವಿ ಏಳುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಆ ಆವಿ ತಾಗಿ ಕೆಲವು ವರ್ಷಗಳಲ್ಲಿ ಸೀಸದ ತೋಪುಗಳು ಬಿಳಿ ಪುಡಿಯಾಗಿ ಉದುರುತ್ತವೆ. ಹಿಂದಿನ ಕಾಲದಲ್ಲಿ ಬಿಳಿ ಬಣ್ಣಕ್ಕಾಗಿ ಸೀಸದ ಹಾಳೆಗಳನ್ನು ವಿನೆಗರಿನ ಆವಿಯಲ್ಲಿಟ್ಟು ಬೇಕೆಂದೇ ಹೀಗೆ ಮಾಡುತ್ತಿದ್ದರು. ಪೆಟ್ಟಿಗೆಯ ತಳದಲ್ಲಿ, ಹಿಂಬದಿಗೆ, ಬೆರಳು ಹೋಗುವಷ್ಟು ಎರಡು ತೂತು ಕೊರೆದು ಸಣ್ಣ ಬಲೆಬಟ್ಟೆ ಅಂಟಿಸಿ. ನೇರ ಬಿಸಿಲು ಬೀಳದ ಗೋಡೆಯ ಪಕ್ಕ ಇಡಿ.